ಪದಚರ್ಚೆ: ರಿವರ್ಸಿಬಲ್ ರಿಯಾಕ್ಷನ್, ಡೈನಮಿಕ್ ಈಕ್ವಿಲಿಬ್ರಿಯಂ (ತುರ್ತು)

ಮಾನ್ಯರೇ,

ಶಾಲಾ ಪ್ರಯೋಗಾಲಯದ ಗೋಡೆಗೆ ಹಾಕುವ ಭಿತ್ತಿಚಿತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಚಿತ್ರದಲ್ಲಿ ಬಾಯಿ ಬೆಸೆದ ಎರಡು ಗಾಜಿನ ಕೊಳವೆಗಳಿವೆ. ಒಂದು ಮಂಜುಗಡ್ಡೆಯ ನೀರಿನಲ್ಲಿ, ಇನ್ನೊಂದು ಬಿಸಿನೀರಿನಲ್ಲಿ. ಒಳಗಿರುವುದು ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಮತ್ತು ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್. ಮೊದಲನೆಯದು ಎರಡನೆಯದಾಗಬಲ್ಲದು, ಎರಡನೆಯದು ಮರಳಿ ಮೊದಲನೆಯದಾಗಬಲ್ಲದು. ತಂಪಿನಲ್ಲಿ ಬಣ್ಣ ತಿಳಿಯಾಗುತ್ತದೆ, ಬಿಸಿಯಲ್ಲಿ ಗಾಢವಾಗುತ್ತದೆ. ಕರಡಿನಲ್ಲಿ ರಿವರ್ಸಿಬಲ್ ರಿಯಾಕ್ಷನ್‌ಗೆ ‘ಹಿಮ್ಮುಖ ಕ್ರಿಯೆ’, ಡೈನಮಿಕ್ ಈಕ್ವಿಲಿಬ್ರಿಯಂಗೆ ‘ಕ್ರಿಯಾತ್ಮಕ ಸಮತೋಲನ’ ಎಂದಿದೆ. ಎರಡೂ ಒಪ್ಪಿಗೆಯಾಗುತ್ತಿಲ್ಲ. ಏನು ಬರೆಯಲಿ?

———

> ಹಿಮ್ಮುಖ ಕ್ರಿಯೆ

ತಪ್ಪು. ಉತ್ಪನ್ನಗಳು ಮರಳಿ ಮೂಲ ವಸ್ತುಗಳಾಗುವುದಷ್ಟೇ ಹಿಮ್ಮುಖ. ಅದರ ಜೋಡಿ ಮುಮ್ಮುಖ. ಎರಡಕ್ಕೂ ಎಡೆಯಿರುವ ಕ್ರಿಯೆಗೆ ಅರ್ಧದ ಹೆಸರಿಡುವುದು ಯಾವ ನ್ಯಾಯ? ‘ಪರಾವರ್ತನೀಯ ಕ್ರಿಯೆ’ ಎನ್ನಿ. ‘ಆಗಬಲ್ಲ’ ಎಂಬ ಅರ್ಥದ ‘ಅನೀಯ’ ಪ್ರತ್ಯಯ ಇರುವುದೇ ಇಂಥ ಕಡೆಗಾಗಿ. ‘ಕ್ರಿಯಾತ್ಮಕ’ವನ್ನು ಫಂಕ್ಷನಲ್‌ಗೆ ಬಳಸಿ ಸವೆಸಿದ್ದಾಗಿದೆ. ‘ಗತಿಶೀಲ ಸಮತೋಲನ’ ಸಾಕು.

———

ಹಿಂದಿ, ಮರಾಠಿ ಪುಸ್ತಕಗಳಲ್ಲಿ ಪರಾವರ್ತನವೆಂದರೆ ಕನ್ನಡಿಯಿಂದ ಬೆಳಕು ಹಿಂದಿರುಗುವುದು. ಸಂಸ್ಕೃತದ ಪದ ತಂದರೆ ಎಲ್ಲ ಭಾಷೆಗಳಿಗೂ ಒಂದೇ ಪದವಾಗುತ್ತದೆ ಎಂಬ ಹಳೆಯ ವಾದದ ಗತಿ ಇದು. ಕನ್ನಡದ್ದೇ ಬೇಕೆಂದರೆ ‘ಇಮ್ಮೊಗ ಮಾರ್ಪಾಟು’ ಇದೆ. ಇಮ್ಮಡಿ, ಇಕ್ಕೆಲ ತಿಳಿಯುವ ಮಗುವಿಗೆ ಇಮ್ಮೊಗವೂ ತಿಳಿಯುತ್ತದೆ.

ಸಮತೋಲನವೂ ಬೇಡ. ನಮ್ಮ ‘ತೂಗು’ ಧಾತುವಿನ ಸೊಗಸು ನೋಡಿ: ತಕ್ಕಡಿಯಲ್ಲಿ ತೂಗುವುದೂ ಅದೇ, ತೊಟ್ಟಿಲು ತೂಗುವುದೂ ಅದೇ. ಸಮತೂಕ, ಚಲನೆ ಎರಡೂ ಒಂದೇ ಮಾತಿನಲ್ಲಿ! ‘ತೂಗುನೆಲೆ’ ಎಂದರೆ ಡೈನಮಿಕ್ ಎಂದು ಬೇರೆ ಹೇಳಬೇಕಾಗಿಯೇ ಇಲ್ಲ. ಸಂಸ್ಕೃತದ ತುಲಾ ಕೂಡ ಈ ತೂಗುವಿನಿಂದಲೇ ಹೋದದ್ದು.

———

ಹೋಗಿಲ್ಲ. ತುಲ್ ಧಾತುವಿನ ಬಂಧುಗಳು ಗ್ರೀಕ್, ಲ್ಯಾಟಿನ್‌ಗಳಲ್ಲಿವೆ. ‘ತೂಗು’ವಿನ ಬಂಧು ತಮಿಳಿನ ‘ತೂಕ್ಕು’. ದನಿ ಹೋಲಿದ ಮಾತ್ರಕ್ಕೆ ನಂಟು ಕಟ್ಟುವ ಚಟ ನಮ್ಮ ಈ ಚರ್ಚಾಬಳಗಕ್ಕೆ ಅಂಟಿಕೊಂಡುಬಿಟ್ಟಿದೆ.

———

ವ್ಯುತ್ಪತ್ತಿ ಸರಿಯೋ ತಪ್ಪೋ, ತೊಟ್ಟಿಲು ಮಾತ್ರ ಅಪಾಯಕಾರಿ. ತರಗತಿಯಲ್ಲಿ ನಾನು ದಿನವೂ ಎದುರಿಸುವ ತಪ್ಪು ಕಲ್ಪನೆಯೇ ಅದು: ಕ್ರಿಯೆ ಮೊದಲು ಮುಂದೆ ಹೋಗುತ್ತದೆ, ಮುಗಿದ ಮೇಲೆ ಹಿಂದೆ ಬರುತ್ತದೆ, ಮತ್ತೆ ಮುಂದೆ ಹೋಗುತ್ತದೆ. ಹಾಗೇನಿಲ್ಲ. ಮುಚ್ಚಿದ ಕೊಳವೆಯಲ್ಲಿ ಎರಡೂ ಕ್ರಿಯೆಗಳು ಒಂದೇ ಹೊತ್ತಿಗೆ, ಒಂದೇ ವೇಗದಲ್ಲಿ ನಡೆಯುತ್ತಿರುತ್ತವೆ. ಆದ್ದರಿಂದಲೇ ಕಣ್ಣಿಗೆ ಬದಲಾವಣೆ ಕಾಣುವುದಿಲ್ಲ. ತೂಗುನೆಲೆ ಎಂದರೆ ಮಕ್ಕಳು ಕಂದು ಬಣ್ಣ ಹೋಗಿ ಬಂದು ಮಾಡುವುದನ್ನೇ ಕಾಯುತ್ತ ಕೂರುತ್ತಾರೆ.

‘ಸಮ’ ಎಂಬುದರಲ್ಲೂ ತೊಡಕಿದೆ, ಅದನ್ನು ಯಾರೂ ಎತ್ತಲಿಲ್ಲ. ಎರಡೂ ಬದಿಯ ವಸ್ತುಗಳು ಅರ್ಧರ್ಧ ಇರುತ್ತವೆ ಎಂದು ಮಕ್ಕಳು ತಿಳಿಯುತ್ತಾರೆ. ಸಮವಾಗುವುದು ವೇಗ, ಪ್ರಮಾಣವಲ್ಲ. ಹೈಡ್ರೋಜನ್ ಮತ್ತು ಅಯೋಡಿನ್ ಆವಿಯನ್ನು ಒಂದೊಂದು ಮೋಲ್ (ಕಣಗಳನ್ನು ಎಣಿಸುವ ಮಾನ) ಮುಚ್ಚಿದ ಪಾತ್ರೆಯಲ್ಲಿಟ್ಟು 425 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕಾಯಿಸಿದರೆ, ಅವು ಸೇರಿ ಹೈಡ್ರೋಜನ್ ಅಯೋಡೈಡ್ ಆಗುತ್ತದೆ; ಅಲ್ಲಿ ಸಮತೋಲನ ಸ್ಥಿರಾಂಕ (ಹೈಡ್ರೋಜನ್ ಅಯೋಡೈಡ್ ಪ್ರಮಾಣದ ವರ್ಗವನ್ನು ಉಳಿದೆರಡರ ಗುಣಲಬ್ಧದಿಂದ ಭಾಗಿಸಿದ್ದು) ಸುಮಾರು 54. ಲೆಕ್ಕ ಹಾಕಿ: ಹೈಡ್ರೋಜನ್ ಅಯೋಡೈಡ್ ಸುಮಾರು 1.57 ಮೋಲ್, ಉಳಿದೆರಡು ತಲಾ 0.21 ಮೋಲ್. ಎಲ್ಲಿದೆ ಅರ್ಧರ್ಧ?

ಕ್ರಿಯೆ ನಿಂತಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಲೆಡ್ ಅಯೋಡೈಡ್‌ನ ಸಂತೃಪ್ತ (ಇನ್ನು ಕರಗದಷ್ಟು ಲವಣ ಕರಗಿರುವ) ದ್ರಾವಣಕ್ಕೆ ವಿಕಿರಣಶೀಲ ಅಯೋಡಿನ್ ಇರುವ ಅದೇ ಲವಣದ ಪುಡಿ ಹಾಕಿದರೆ, ದ್ರಾವಣದ ಸಾಂದ್ರತೆ ಬದಲಾಗುವುದಿಲ್ಲ. ಆದರೂ ಸ್ವಲ್ಪ ಹೊತ್ತಿನಲ್ಲಿ ದ್ರಾವಣವೇ ವಿಕಿರಣ ಸೂಸತೊಡಗುತ್ತದೆ. ಲವಣದ ಅಯಾನುಗಳು (ವಿದ್ಯುದಂಶವುಳ್ಳ ಕಣಗಳು) ಕರಗುತ್ತಲೂ ಮರಳಿ ಹರಳಾಗುತ್ತಲೂ ಇದ್ದರೆ ಮಾತ್ರ ಇದು ಸಾಧ್ಯ.

ನನ್ನ ಆಯ್ಕೆ ‘ದ್ವಿಮುಖ ಕ್ರಿಯೆ’. ‘ಏಕಮುಖ ಸಂಚಾರ’ ಓದಿದ ಯಾರಿಗೂ ವಿವರಣೆ ಬೇಡ. ಎರಡೂ ದಿಕ್ಕು ಏಕಕಾಲಕ್ಕೆ ಎಂಬುದೂ ಬಂತು. ಈಕ್ವಿಲಿಬ್ರಿಯಂಗೆ ಸಮತೋಲನವನ್ನೇ ಇಟ್ಟುಕೊಂಡು, ಸಮವಾಗಿರುವುದು ಏನೆಂದು ಅಡಿಬರಹದಲ್ಲಿ ಹೇಳಿ.

———

ದ್ವಿಮುಖ ಆಗಬಹುದು, ಇಮ್ಮೊಗ ಆಗಬಾರದು! ಎರಡರ ಅರ್ಥ ಒಂದೇ ಆಗಿರುವಾಗ ಸಂಸ್ಕೃತಕ್ಕೆ ಮಣೆ, ಕನ್ನಡಕ್ಕೆ ಹೊಸ್ತಿಲು. ಇದು ರಸಾಯನಶಾಸ್ತ್ರವಲ್ಲ, ಅಭ್ಯಾಸಬಲ.

———

ಅಭ್ಯಾಸಬಲವೇ. ಪದಗಳು ನಿಲ್ಲುವುದು ಅದರಿಂದಲೇ. ಹೈಡ್ರೋಜನ್, ಅಯೋಡಿನ್‌ಗಳನ್ನು ಇಂಗ್ಲಿಷಿನಿಂದ ತಕರಾರಿಲ್ಲದೆ ನುಂಗಿದವರು ‘ದ್ವಿ’ ಬಂದ ಕೂಡಲೇ ಕೆಮ್ಮುವುದೇಕೆ?

———

ಎಲ್ಲರಿಗೂ ವಂದನೆ. ಹೀಗೆ ಕಳುಹಿಸುತ್ತಿದ್ದೇನೆ:

“ದ್ವಿಮುಖ ಕ್ರಿಯೆ ಮತ್ತು ಗತಿಶೀಲ ಸಮತೋಲನ. ಮುಚ್ಚಿದ ಕೊಳವೆಯಲ್ಲಿ ಮುಮ್ಮುಖ, ಹಿಮ್ಮುಖ ಕ್ರಿಯೆಗಳು ಸಮಾನ ವೇಗದಲ್ಲಿ ನಡೆಯುತ್ತಲೇ ಇರುತ್ತವೆ. ವಸ್ತುಗಳ ಪ್ರಮಾಣ ಬದಲಾಗುವುದಿಲ್ಲ. ಅವು ಸಮವಾಗಿರಬೇಕೆಂದೂ ಇಲ್ಲ.”

ಸಮೀಕರಣದ ನಡುವೆ ಎರಡು ತುದಿಯ ಬಾಣ (↔) ಹಾಕಿದ್ದೇನೆ. ಸರಿಯೇ?

———

ಅಲ್ಲ. ಅದು ಅನುರಣನ ರಚನೆಗಳ (ಒಂದೇ ಅಣುವನ್ನು ಬರೆದು ತೋರಿಸುವ ಬೇರೆ ಬೇರೆ ರೂಪಗಳ) ಚಿಹ್ನೆ. 1884ರಲ್ಲಿ ಡಚ್ ರಸಾಯನವಿಜ್ಞಾನಿ ವಾಂಟ್ ಹಾಫ್ ಬಳಕೆಗೆ ತಂದದ್ದು ಎದುರುಬದುರಾದ ಎರಡು ಬಾಣಗಳನ್ನು. ಈಗ ಅವು ಅರ್ಧ ಮೊನೆಯವು: ⇌. ಅಕ್ಷರಶೈಲಿಯಲ್ಲಿ ಅದು ಇಲ್ಲದಿದ್ದರೆ ಚಿತ್ರಕಾರರ ಕೈಯಲ್ಲಿ ಬರೆಯಿಸಿ, ಆದರೆ ↔ ಬೇಡ.