ದಿನದ ಪ್ರಶ್ನೆಗೆ ಈಗ ಯಾರೂ ಮಾತಾಡ್ತಿಲ್ಲ, ಎಂಥದ್ದು ಕೇಳಲಿ?

ಡೊಂಬಿವಲಿ ಕನ್ನಡಿಗ:
ನಮ್ಮ ಕಡೆಯ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ದಿನಾ ಬೆಳಿಗ್ಗೆ ಒಂದು ಪ್ರಶ್ನೆ ಹಾಕುತ್ತೇನೆ. ಇತಿಹಾಸ, ರಾಜಕೀಯ, ಸಿನಿಮಾ. ಮೊದಮೊದಲು ಜನ ಮುಂಬೈ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಉತ್ತರ ಬರೆಯುತ್ತಿದ್ದರು, ದಾದರ್ ಬರುವಷ್ಟರಲ್ಲಿ ವಾದ ಜೋರಾಗಿರುತ್ತಿತ್ತು. ಈಗ ಒಬ್ಬರು ಗೂಗಲ್ ನೋಡಿ ಉತ್ತರ ಅಂಟಿಸುತ್ತಾರೆ, ಅಲ್ಲಿಗೆ ಮುಗೀತು. ಮೊದಲ ಕನ್ನಡ ಟಾಕಿ (ಮಾತಿನ ಚಿತ್ರ) ಯಾವುದು ಅಂದರೆ 'ಸತಿ ಸುಲೋಚನಾ, 1934'. ಅಷ್ಟೇ. ನಿಲ್ಲಿಸೋಕೆ ಮನಸ್ಸಿಲ್ಲ, ಯಾಕೆಂದರೆ ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಗುಂಪಿನಲ್ಲಿದ್ದಾರೆ, ಅವರು ಕನ್ನಡದಲ್ಲಿ ನಾಲ್ಕು ಸಾಲು ಬರೆಯೋದೇ ಅಲ್ಲಿ.

ಕೋಥ್ರೂಡ್‌ನಾಕೆ:
ಅದೇ ಸಿನಿಮಾ ಇರಲಿ, ಶೂಟಿಂಗ್ ಯಾವ ಊರಲ್ಲಿ ಆಯಿತು ಅಂತ ಕೇಳಿ. ಎಲ್ಲರೂ ಬೆಂಗಳೂರು, ಮೈಸೂರು ಅಂತಾರೆ. ಆಗಿದ್ದು ಕೊಲ್ಹಾಪುರದಲ್ಲಿ, ಛತ್ರಪತಿ ಸ್ಟುಡಿಯೊದಲ್ಲಿ! ನಾವಿರುವ ಊರಿಗೆ ನಂಟು ಇದ್ದರೆ ಜನ ತಾವಾಗೇ ಮಾತಾಡುತ್ತಾರೆ. ನಮ್ಮ ಪುಣೆಯಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಭಾನುವಾರ ಭುಟ್ಟಾ (ಸುಟ್ಟ ಜೋಳ) ತಿನ್ನೋಕೆ ಹೋಗದವರೇ ಇಲ್ಲ, ಆದರೆ ವಿಶ್ವೇಶ್ವರಯ್ಯನವರ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಮೊದಲು ಕೂರಿಸಿದ್ದು ಅಲ್ಲೇ ಅಂತ ಎಷ್ಟು ಜನಕ್ಕೆ ಗೊತ್ತು? ಅವರು ಇಂಜಿನಿಯರಿಂಗ್ ಓದಿದ್ದೂ ಪುಣೆಯಲ್ಲೇ.

ಮಾಟುಂಗಾ ಹಳಬ:
ಮೇಡಂ ಹೇಳಿದ್ದು ಸರಿ. ರಾಜಕೀಯಕ್ಕೂ ಅದೇ ದಾರಿ. 1967ರಲ್ಲಿ ದಕ್ಷಿಣ ಮುಂಬೈನಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ ಮಂಗಳೂರಿನ ಹುಡುಗ ಯಾರು? ಜಾರ್ಜ್ ಫೆರ್ನಾಂಡಿಸ್. ಈ ಒಂದು ಹೆಸರಿಗೆ ಹಿರಿಯರೆಲ್ಲ ಬಾಯಿಬಿಡುತ್ತಾರೆ ನೋಡಿ, ಟ್ಯಾಕ್ಸಿಯವರ ಯೂನಿಯನ್, 1974ರ ರೈಲ್ವೆ ಮುಷ್ಕರ, ಎಲ್ಲ ಹೊರಗೆ ಬರುತ್ತದೆ. ಇನ್ನೊಂದು: 1955ರಲ್ಲಿ ಧಾರವಾಡದ ಶಾಸಕರು ಯಾವ ರಾಜ್ಯದ ವಿಧಾನಸಭೆಯಲ್ಲಿ ಕೂರುತ್ತಿದ್ದರು? ಮುಂಬೈ ರಾಜ್ಯ. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ, ನಾಲ್ಕೂ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆದರೆ ಈಗಿನ ಪಕ್ಷಗಳ ಪ್ರಶ್ನೆ ಬೇಡವೇ ಬೇಡ, ಗುಂಪು ಒಡೆಯುತ್ತದೆ.

ವಾಸ್ಕೋದಿಂದ:
ಗೋವಾ ರಾಜ್ಯ ಆಗಿದ್ದು ಯಾವಾಗ ಅಂತ ಕೇಳಿ ಅಣ್ಣಾ. ಜಾಸ್ತಿ ಜನ 1961 ಅಂತಾರೆ. ಅದು ಪೋರ್ಚುಗೀಸರು ಹೋದ ವರ್ಷ. ರಾಜ್ಯ ಆಗಿದ್ದು 1987ರ ಮೇ 30ಕ್ಕೆ. ನಡುವೆ 1967ರ ಜನಮತ ಇದೆಯಲ್ವಾ, ಮಹಾರಾಷ್ಟ್ರಕ್ಕೆ ಸೇರಬೇಕೋ ಬೇಡವೋ ಅಂತ, ಅದೇ ಒಂದು ವಾರಕ್ಕೆ ಸಾಕು. ಸೇರಬೇಕು ಅನ್ನೋರಿಗೆ ಹೂವಿನ ಗುರುತು, ಬೇಡ ಅನ್ನೋರಿಗೆ ಎರಡು ಎಲೆ. ಎಲೆ ಗೆದ್ದಿತು. ಮಕ್ಕಳಿಗೆ ಇಂಥದ್ದು ಬೇಗ ಹಿಡಿಸುತ್ತದೆ.

ಕೋಥ್ರೂಡ್‌ನಾಕೆ:
ಮತ್ತೆ ಉತ್ತರ ರಾತ್ರಿ ಊಟದ ಹೊತ್ತಿಗೇ ಹೇಳಿ. ಅಲ್ಲಿವರೆಗೆ ಬರೀ ಹೆಸರು, ಇಸವಿ ಬರೆದರೆ ಲೆಕ್ಕಕ್ಕಿಲ್ಲ, ಜೊತೆಗೆ ಒಂದು ಸಾಲಾದರೂ ಸ್ವಂತದ್ದು ಬರೆಯಬೇಕು ಅಂತ ನಿಯಮ ಮಾಡಿ.

ಡೊಂಬಿವಲಿ ಕನ್ನಡಿಗ:
ಈ ನಿಯಮ ತುಂಬಾ ಇಷ್ಟವಾಯಿತು, ಇವತ್ತೇ ಗುಂಪಿಗೆ ಹೇಳುತ್ತೇನೆ. ನಾಳೆ ಫೆರ್ನಾಂಡಿಸ್, ಭಾನುವಾರಕ್ಕೆ ಖಡಕ್‌ವಾಸ್ಲಾ. ಕೊಲ್ಹಾಪುರದ್ದು ಮಕ್ಕಳ ಪರೀಕ್ಷೆ ಮುಗಿದ ಮೇಲೆ ಹಾಕುತ್ತೇನೆ.