ಸಿ ಡ್ರೈವ್ ಒಂದೇ ಇರುವ ಕಂಪ್ಯೂಟರಿನಲ್ಲಿ ಕಡತಗಳಿಗೆ ಬೇರೆ ಪಾರ್ಟಿಷನ್ ಮಾಡುವುದು ಹೇಗೆ?

ಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಮಾನ್ಯರೇ,

ತೀರ್ಥಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಸಹಕಾರ ಸಂಘಗಳ ವಾರ್ಷಿಕ ವರದಿ, ಶಾಲೆಗಳ ಪ್ರಶ್ನೆಪತ್ರಿಕೆ, ದೇವಸ್ಥಾನದ ರಸೀದಿ ಪುಸ್ತಕ ಎಂದು ವರ್ಷಗಳಿಂದ ಸೇರಿದ ನುಡಿ ಮತ್ತು ಪೇಜ್‌ಮೇಕರ್ ಕಡತಗಳೂ ಅಂಗಡಿಯ ಟ್ಯಾಲಿ ಲೆಕ್ಕವೂ ಒಂದೇ ಡೆಸ್ಕ್‌ಟಾಪ್ ಕಂಪ್ಯೂಟರಿನಲ್ಲಿವೆ. ಅದರ ಹಾರ್ಡ್ ಡಿಸ್ಕ್ 1 ಟಿಬಿಯದು. ಆದರೆ ತೆರೆದರೆ ಕಾಣುವುದು ಸಿ ಡ್ರೈವ್ ಒಂದೇ. ಕಳೆದ ಮಳೆಗಾಲದಲ್ಲಿ ವಿಂಡೋಸ್ ತೆರೆಯದಂತಾದಾಗ ರಿಪೇರಿಗೆ ಕೊಟ್ಟಿದ್ದೆವು. ಅಲ್ಲಿ ಒಂದು ಮಾತೂ ಕೇಳದೆ ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿ ಕಳುಹಿಸಿದರು. ಗಿರಾಕಿಗಳ ಪೆನ್‌ಡ್ರೈವ್‌ಗಳಿಂದಲೂ ನಮ್ಮ ಇಮೇಲ್‌ನಿಂದಲೂ ಒಂದಷ್ಟನ್ನು ಮತ್ತೆ ಕೂಡಿಸಿಕೊಂಡೆವು, ಉಳಿದದ್ದು ಹೋಯಿತು.

ಈಗ ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದರಿಂದ 11ಕ್ಕೆ ಹೋಗಬೇಕಾಗಿದೆ. ಅದಕ್ಕೂ ಮೊದಲು, ಇರುವ ಕಡತಗಳನ್ನು ಅಳಿಸದೆಯೇ ಡಿಸ್ಕನ್ನು ಭಾಗ ಮಾಡಿ ವಿಂಡೋಸ್ ಒಂದು ಕಡೆ, ನಮ್ಮ ಕೆಲಸ ಇನ್ನೊಂದು ಕಡೆ ಇರುವಂತೆ ಮಾಡಬಹುದೇ? ಸಿ ಡ್ರೈವ್‌ಗೆ ಎಷ್ಟು ಜಾಗ ಬಿಡಬೇಕು? ಹಿಂದೆಲ್ಲ ಸಿ, ಡಿ, ಇ, ಎಫ್ ಎಂದು ನಾಲ್ಕು ಭಾಗ ಮಾಡುತ್ತಿದ್ದುದನ್ನು ನೋಡಿದ್ದೇನೆ, ಅಷ್ಟು ಬೇಕೇ?

ಉತ್ತರ: ಇಕ್ಕೇರಿಯವ, ಸಾಗರ

ತುಂಗಾತೀರ ಅವರೇ, ಅಳಿಸದೆಯೇ ಮಾಡಬಹುದು. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ಅದಕ್ಕೆ ಸಾಕು, ಬೇರೆ ಸಾಫ್ಟ್‌ವೇರ್ ಹುಡುಕಬೇಕಾಗಿಲ್ಲ. ಆದರೆ ಮುಟ್ಟುವ ಮೊದಲು ಎಲ್ಲ ಕಡತಗಳನ್ನೂ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಅದರಲ್ಲಿ ನಾಲ್ಕಾರು ಕಡತಗಳನ್ನು ಬೇರೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿ. ಯುಪಿಎಸ್ ಇಲ್ಲದಿದ್ದರೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮುಂಗಾರು ಹಿಡಿದ ಮೇಲೆ ನಮ್ಮ ಕಡೆಯ ಕರೆಂಟನ್ನು ನಂಬಿ ಪಾರ್ಟಿಷನ್ ಬದಲಿಸುವವರು ಯಾರೂ ಇರಲಾರರು.

ನಾಲ್ಕು ಭಾಗ ಬೇಡ, ಎರಡು ಸಾಕು. ಭಾಗ ಹೆಚ್ಚಿದಷ್ಟೂ ಒಂದು ತುಂಬಿ ಇನ್ನೊಂದು ಖಾಲಿ ಉಳಿಯುವ ತೊಂದರೆಯೇ ಹೆಚ್ಚು. ವಿಂಡೋಸ್ 11ಕ್ಕೆ ಕನಿಷ್ಠ 64 ಜಿಬಿ ಎಂದು ಹೇಳಿದ್ದಾರೆ. ಅದು ಹಾಕುವುದಕ್ಕೆ ಬೇಕಾದ ಜಾಗವೇ ಹೊರತು ಬಾಳುವುದಕ್ಕೆ ಬೇಕಾದದ್ದಲ್ಲ. ಅಪ್‌ಡೇಟ್‌ಗಳು, ಸಾಫ್ಟ್‌ವೇರ್‌ಗಳು, ತಾತ್ಕಾಲಿಕ ಕಡತಗಳು ಎಲ್ಲ ಸೇರಿ ಸಿ ಡ್ರೈವ್‌ಗೆ 200 ಜಿಬಿಗಿಂತ ಕಡಿಮೆ ಬಿಡಬಾರದೆಂಬುದು ನನ್ನ ಅಭಿಪ್ರಾಯ. ಮುಂದೆ ಸಿ ಸಾಲದಾದರೆ ಅದನ್ನು ಹಿಗ್ಗಿಸುವುದು ಸುಲಭವಲ್ಲ, ಏಕೆಂದರೆ ಖಾಲಿ ಜಾಗ ಅದಕ್ಕೆ ತಾಗಿಕೊಂಡೇ ಬಲಗಡೆ ಇದ್ದರೆ ಮಾತ್ರ ವಿಂಡೋಸ್ ಅದನ್ನು ಸೇರಿಸಿಕೊಳ್ಳುತ್ತದೆ, ಆ ಜಾಗದಲ್ಲಿ ಆಗಲೇ ಡಿ ಕುಳಿತಿರುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಮೇಲೆ ಬಲಗುಂಡಿ ಒತ್ತಿ ಶ್ರಿಂಕ್ ವಾಲ್ಯೂಮ್ ಆರಿಸಿ. ಅಲ್ಲಿ ಕೇಳುವ ಸಂಖ್ಯೆ ಎಂಬಿಯಲ್ಲಿರುತ್ತದೆ, ಮತ್ತು ಅದು ಸಿ ಡ್ರೈವ್‌ನಲ್ಲಿ ಉಳಿಯಬೇಕಾದ ಜಾಗವಲ್ಲ, ಅದರಿಂದ ಕಳೆಯಬೇಕಾದ ಜಾಗ. ನಿಮ್ಮ 1 ಟಿಬಿ ಡಿಸ್ಕ್ ವಿಂಡೋಸ್ ಲೆಕ್ಕದಲ್ಲಿ ಸುಮಾರು 931 ಜಿಬಿ ಎಂದು ಕಾಣುತ್ತದೆ. ಡಿ ಡ್ರೈವ್‌ಗೆ 700 ಜಿಬಿ ಬೇಕೆಂದರೆ 700ನ್ನು 1024ರಿಂದ ಗುಣಿಸಿ 716800 ಎಂದು ಬರೆಯಬೇಕು. ಕುಗ್ಗಿಸಿದ ಮೇಲೆ ಕಪ್ಪು ಪಟ್ಟಿಯ ಖಾಲಿ ಜಾಗ ಕಾಣಿಸುತ್ತದೆ. ಅದರ ಮೇಲೆ ನ್ಯೂ ಸಿಂಪಲ್ ವಾಲ್ಯೂಮ್ ಒತ್ತಿ, ಎನ್‌ಟಿಎಫ್‌ಎಸ್ (ವಿಂಡೋಸ್ ಡಿಸ್ಕ್‌ನಲ್ಲಿ ಕಡತಗಳನ್ನು ಜೋಡಿಸಿಡುವ ವಿಧಾನ) ಆರಿಸಿ, ಹೆಸರು ಕೊಟ್ಟರೆ ಪಾರ್ಟಿಷನ್ ಸಿದ್ಧ. ಅದೇ ಡಿಸ್ಕ್‌ನಲ್ಲಿ ಇಎಫ್‌ಐ, ರಿಕವರಿ ಎಂಬ ಸಣ್ಣ ಭಾಗಗಳು ಕಂಡರೆ ಅವನ್ನು ಅಳಿಸಬೇಡಿ.

ಪಾರ್ಟಿಷನ್ ಮಾಡಿದ ಮೇಲೂ ಜನ ಎಡವುವುದು ಇಲ್ಲಿ: ಕಡತಗಳನ್ನು ಡೆಸ್ಕ್‌ಟಾಪ್ ಮೇಲೆಯೇ ಇಡುತ್ತಾರೆ. ಡೆಸ್ಕ್‌ಟಾಪ್ ಎಂದರೆ ಸಿ ಡ್ರೈವ್‌ನ ಒಂದು ಫೋಲ್ಡರ್ ಅಷ್ಟೆ, ಫಾರ್ಮ್ಯಾಟ್ ಆದರೆ ಅದೂ ಹೋಗುತ್ತದೆ. ಡಾಕ್ಯುಮೆಂಟ್ಸ್, ಡೆಸ್ಕ್‌ಟಾಪ್ ಫೋಲ್ಡರ್‌ಗಳ ಪ್ರಾಪರ್ಟೀಸ್‌ಗೆ ಹೋಗಿ ಲೊಕೇಷನ್ ಎಂಬಲ್ಲಿ ಡಿ ಡ್ರೈವ್‌ನ ವಿಳಾಸ ಕೊಟ್ಟರೆ ಅವು ಅಲ್ಲಿಗೆ ವರ್ಗವಾಗುತ್ತವೆ. ಬರಿಯ ಡಿ ಎಂದು ಕೊಡದೆ, ಒಂದೊಂದಕ್ಕೂ ಅದರೊಳಗೆ ಬೇರೆ ಬೇರೆ ಫೋಲ್ಡರ್ ಮಾಡಿ ಅದರ ವಿಳಾಸವನ್ನೇ ಕೊಡಿ. ಇಲ್ಲವಾದರೆ ಇಡೀ ಡ್ರೈವ್ ಡಾಕ್ಯುಮೆಂಟ್ಸ್ ಎಂದಾಗಿಬಿಡುತ್ತದೆ. ಮೈಕ್ರೋಸಾಫ್ಟ್‌ನ ಆನ್‌ಲೈನ್ ಸಂಗ್ರಹವಾದ ಒನ್‌ಡ್ರೈವ್ ಈ ಫೋಲ್ಡರ್‌ಗಳನ್ನು ಆಗಲೇ ತನ್ನ ವಶಕ್ಕೆ ತೆಗೆದುಕೊಂಡಿದ್ದರೆ ಮೊದಲು ಅಲ್ಲಿ ಬ್ಯಾಕಪ್ ನಿಲ್ಲಿಸಿ. ಟ್ಯಾಲಿಯ ಡೇಟಾ ಫೋಲ್ಡರನ್ನು ಡಿ ಡ್ರೈವ್‌ಗೆ ನಕಲು ಮಾಡಿ ಟ್ಯಾಲಿಯೊಳಗೆ ಹೊಸ ವಿಳಾಸ ತೋರಿಸಬೇಕು.

ಸಾಫ್ಟ್‌ವೇರ್‌ಗಳನ್ನು ಡಿ ಡ್ರೈವ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಉಳಿಯುತ್ತವೆ ಎಂದು ಕೆಲವರು ತಿಳಿದಿದ್ದಾರೆ. ಅವುಗಳ ದಾಖಲೆಯೆಲ್ಲ ಸಿ ಡ್ರೈವ್‌ನ ರಿಜಿಸ್ಟ್ರಿಯಲ್ಲಿರುವುದರಿಂದ ಹೊಸ ವಿಂಡೋಸ್ ಹಾಕಿದಾಗ ಬಹುತೇಕ ಎಲ್ಲವನ್ನೂ ಮತ್ತೆ ಹಾಕಲೇಬೇಕು. ನಿಮ್ಮಂಥವರಿಗೆ ಇದಕ್ಕಿಂತ ಮುಖ್ಯವಾದದ್ದು ಫಾಂಟ್. ನುಡಿಯ ಹಳೆಯ ಆಸ್ಕಿ ಫಾಂಟ್‌ಗಳು (ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ತೋರಿಸುವಂಥವು) ವಿಂಡೋಸ್ ಫೋಲ್ಡರಿನಲ್ಲಿರುವುದರಿಂದ ಸಿ ಜೊತೆಗೇ ಹೋಗುತ್ತವೆ. ಆಮೇಲೆ ಡಿ ಡ್ರೈವ್‌ನಲ್ಲಿ ಕಡತ ಭದ್ರವಾಗಿದ್ದರೂ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಕಡತ ಕೆಟ್ಟಿತೆಂದು ಗಾಬರಿಯಾಗಿ ಅದನ್ನು ಅಳಿಸಿದವರೂ ಇದ್ದಾರೆ. ನುಡಿಯ ಇನ್‌ಸ್ಟಾಲರ್ ಮತ್ತು ನೀವು ಬಳಸುವ ಎಲ್ಲ ಫಾಂಟ್‌ಗಳ ಪ್ರತಿಯೊಂದನ್ನು ಡಿ ಡ್ರೈವ್‌ನಲ್ಲಿ ಈಗಲೇ ಇಟ್ಟುಬಿಡಿ.

ಉತ್ತರ: ನವಿಲೆ, ಶಿವಮೊಗ್ಗ

ಇಕ್ಕೇರಿಯವರು ಹೇಳಿದ ಕ್ರಮ ಸರಿಯಿದೆ. ಆದರೂ ಪಾರ್ಟಿಷನ್‌ನಿಂದ ಕಡತಗಳು ಸುರಕ್ಷಿತವಾಗುತ್ತವೆ ಎಂಬ ಭಾವನೆ ಪ್ರಶ್ನೆ ಕೇಳಿದವರಲ್ಲಿ ಉಳಿಯಬಾರದು. ಅದು ಒಂದೇ ಸೂರಿನ ಕೆಳಗೆ ಎಬ್ಬಿಸಿದ ಅಡ್ಡಗೋಡೆ. ಸೂರು ಸೋರಿದರೆ ಎರಡೂ ಕೋಣೆ ನೆನೆಯುತ್ತವೆ. ಡಿಸ್ಕೇ ಕೈಕೊಟ್ಟರೆ, ಸಿಡಿಲಿನ ದಿನ ಪವರ್ ಸಪ್ಲೈ ಜೊತೆಗೆ ಅದೂ ಸುಟ್ಟರೆ, ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್) ಹೊಕ್ಕರೆ, ಸಿ ಮತ್ತು ಡಿ ಒಟ್ಟಿಗೇ ಹೋಗುತ್ತವೆ. ವಿಂಡೋಸ್ ಮತ್ತೆ ಹಾಕುವ ಸಂದರ್ಭ ಒಂದರಲ್ಲಿ ಮಾತ್ರ ಪಾರ್ಟಿಷನ್ ನಿಮ್ಮನ್ನು ಕಾಯುತ್ತದೆ.

ನನ್ನನ್ನು ಕೇಳಿದರೆ, ನಿಮ್ಮದು ಡೆಸ್ಕ್‌ಟಾಪ್ ಕಂಪ್ಯೂಟರ್ ಆದ್ದರಿಂದ 256 ಜಿಬಿಯ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ಗಿಂತ ವೇಗದ, ಚಿಪ್‌ಗಳಲ್ಲಿ ಕಡತ ಇಡುವ ಡ್ರೈವ್) ಹಾಕಿಸಿ ವಿಂಡೋಸನ್ನು ಅದರಲ್ಲಿಡಿ, ಈಗಿರುವ 1 ಟಿಬಿ ಡಿಸ್ಕನ್ನು ಪೂರ್ತಿ ಕಡತಗಳಿಗೆ ಬಿಡಿ. ಯಂತ್ರದ ವೇಗವೂ ಹೆಚ್ಚುತ್ತದೆ, ಬೇರ್ಪಡೆಯೂ ನಿಜವಾದದ್ದಾಗುತ್ತದೆ. ವಿಂಡೋಸ್ ಹಾಕುವಾಗ ಹಳೆಯ ಡಿಸ್ಕ್‌ನ ಕೇಬಲ್ ಬಿಚ್ಚಿಟ್ಟರೆ ಯಾರೂ ಅದನ್ನು ಫಾರ್ಮ್ಯಾಟ್ ಮಾಡುವ ಸಾಧ್ಯತೆಯೇ ಇರುವುದಿಲ್ಲ. ಎಕ್ಸ್‌ಟರ್ನಲ್ ಡಿಸ್ಕ್ ಎರಡು ವ್ಯವಸ್ಥೆಯಲ್ಲೂ ಬೇಕು, ನಕಲು ಮುಗಿದ ಕೂಡಲೇ ಅದನ್ನು ಕಂಪ್ಯೂಟರಿನಿಂದ ಕಳಚಿಡಬೇಕು.

ಮರುಪ್ರಶ್ನೆ: ತುಂಗಾತೀರ, ತೀರ್ಥಹಳ್ಳಿ

ಇಬ್ಬರಿಗೂ ಧನ್ಯವಾದಗಳು. ಎಸ್‌ಎಸ್‌ಡಿಯ ವಿಚಾರ ಅಡಿಕೆ ಮಾರಾಟವಾದ ಮೇಲೆ ನೋಡಬೇಕು. ಸದ್ಯಕ್ಕೆ ನಕಲು ಮಾಡಿಕೊಂಡು ಶ್ರಿಂಕ್ ವಾಲ್ಯೂಮ್ ತೆರೆದೆ. ಸಿ ಡ್ರೈವ್‌ನಲ್ಲಿ ಬಳಕೆಯಾಗಿರುವುದು 180 ಜಿಬಿ ಮಾತ್ರ. ಆದರೂ ಸುಮಾರು 450 ಜಿಬಿಗಿಂತ ಹೆಚ್ಚು ಕುಗ್ಗಿಸಲು ಅದು ಒಪ್ಪುತ್ತಿಲ್ಲ. ಡಿಸ್ಕ್‌ನಲ್ಲಿ ದೋಷವೇನಾದರೂ ಇದೆಯೇ?

ಉತ್ತರ: ಇಕ್ಕೇರಿಯವ, ಸಾಗರ

ದೋಷವಲ್ಲ. ಡಿಸ್ಕ್‌ನ ನಡುಭಾಗದಲ್ಲಿ ವಿಂಡೋಸ್ ತಾನು ಓಡುತ್ತಿರುವಾಗ ಜರುಗಿಸಲಾಗದ ಕೆಲವು ಕಡತಗಳು ಕುಳಿತಿರುತ್ತವೆ: ಎನ್‌ಟಿಎಫ್‌ಎಸ್‌ನ ಸ್ವಂತ ದಾಖಲೆಗಳು, ಪೇಜ್ ಫೈಲ್ (ಮೆಮೊರಿ ಸಾಲದಾದಾಗ ಬಳಸುವುದು), ಹೈಬರ್ನೇಷನ್ ಫೈಲ್ (ಯಂತ್ರ ಮಲಗುವಾಗ ತೆರೆದ ಕೆಲಸವನ್ನು ಉಳಿಸುವುದು), ರಿಸ್ಟೋರ್ ಪಾಯಿಂಟ್‌ಗಳು (ವಿಂಡೋಸನ್ನು ಹಿಂದಿನ ಸ್ಥಿತಿಗೆ ಮರಳಿಸಲು ಸಿಸ್ಟಮ್ ಪ್ರೊಟೆಕ್ಷನ್ ಉಳಿಸಿಡುವಂಥವು). ಕುಗ್ಗಿಸುವಿಕೆ ಅಂಥ ಕೊನೆಯ ಕಡತದ ಬಳಿ ನಿಲ್ಲುತ್ತದೆ. ಯಾವುದು ಅಡ್ಡ ಬಂದಿದೆಯೆಂದು ತಿಳಿಯಬೇಕಾದರೆ ಈವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್‌ನಲ್ಲಿ 259 ಎಂಬ ಸಂಖ್ಯೆಯ ದಾಖಲೆ ನೋಡಿ, ಅದರಲ್ಲಿ ಆ ಕಡತದ ಹೆಸರಿರುತ್ತದೆ. ಹೈಬರ್ನೇಷನ್, ಪೇಜ್ ಫೈಲ್ ಮತ್ತು ಸಿಸ್ಟಮ್ ಪ್ರೊಟೆಕ್ಷನ್ ಮೂರನ್ನೂ ತಾತ್ಕಾಲಿಕವಾಗಿ ನಿಲ್ಲಿಸಿ, ಯಂತ್ರವನ್ನು ಮರುಚಾಲನೆ ಮಾಡಿ, ಡಿಫ್ರಾಗ್ ಮಾಡಿ (ಚದುರಿದ ಕಡತಗಳನ್ನು ಒಟ್ಟುಗೂಡಿಸಿ) ಮತ್ತೆ ಪ್ರಯತ್ನಿಸಿದರೆ ಇನ್ನಷ್ಟು ಸಿಗಬಹುದು. ಹಳೆಯ ರಿಸ್ಟೋರ್ ಪಾಯಿಂಟ್‌ಗಳು ಇದರಿಂದ ಅಳಿಯುತ್ತವೆ.

ಆದರೆ ಇಷ್ಟು ಶ್ರಮ ನಿಮಗೆ ಬೇಕೇ? ಲಗ್ನಪತ್ರಿಕೆ, ವರದಿಗಳ ಕಡತಗಳಿಗೆ 450 ಜಿಬಿ ಬೇಕಾದಷ್ಟಾಯಿತು. ಸಿಕ್ಕಷ್ಟನ್ನು ತೆಗೆದುಕೊಂಡು ಕೆಲಸ ಮುಗಿಸಿ. ಪೆನ್‌ಡ್ರೈವ್‌ನಿಂದ ಜಿಪಾರ್ಟೆಡ್ ಎಂಬ ಪಾರ್ಟಿಷನ್ ಸಾಫ್ಟ್‌ವೇರ್ ಬೂಟ್ ಮಾಡಿಯೂ ಕುಗ್ಗಿಸಬಹುದಾದರೂ, ಅದು ದತ್ತಾಂಶವನ್ನು ಜರುಗಿಸುತ್ತ ಗಂಟೆಗಟ್ಟಲೆ ಓಡಬಹುದು. ಅಷ್ಟು ಹೊತ್ತು ನಿಮ್ಮ ಯುಪಿಎಸ್ ತಡೆಯುವುದಿಲ್ಲ.

ಉತ್ತರ: ನವಿಲೆ, ಶಿವಮೊಗ್ಗ

ವಿಂಡೋಸ್ 11 ಹಾಕುವ ಮುನ್ನ ಇನ್ನೊಂದು ವಿಷಯ. ಹೊಸ ಆವೃತ್ತಿಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಅನೇಕ ಯಂತ್ರಗಳಲ್ಲಿ ಎನ್‌ಕ್ರಿಪ್ಷನ್ (ಕೀ ಇಲ್ಲದೆ ಓದಲಾಗದಂತೆ ಡ್ರೈವ್‌ಗೆ ಬೀಗ ಹಾಕುವುದು) ತಾನಾಗಿಯೇ ಶುರುವಾಗುತ್ತದೆ, ಡಿ ಡ್ರೈವ್ ಕೂಡ ಅದರಲ್ಲಿ ಸೇರಿರಬಹುದು. ಮಾಮೂಲಾಗಿ ಅದು ತಾನೇ ತೆರೆದುಕೊಳ್ಳುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ. ಆದರೆ ತಾನೇ ತೆರೆಯುವ ವ್ಯವಸ್ಥೆ ಸಿ ಡ್ರೈವ್‌ನಲ್ಲಿರುತ್ತದೆ. ಸಿ ಫಾರ್ಮ್ಯಾಟ್ ಆದ ಮೇಲೆ ಡಿ ಡ್ರೈವ್ 48 ಅಂಕಿಗಳ ರಿಕವರಿ ಕೀ ಕೇಳುತ್ತದೆ, ಅದಿಲ್ಲದೆ ಕಡತಗಳು ಕಣ್ಣೆದುರೇ ಇದ್ದರೂ ಸಿಗುವುದಿಲ್ಲ. ನಿಮ್ಮ ಖಾತೆಯಲ್ಲಿ ಕೀ ಇದೆಯೇ ಎಂದು ನೋಡಿ, ಮುದ್ರಿಸಿ ಅಂಗಡಿಯ ಕಾಗದಪತ್ರಗಳ ಜೊತೆ ಇಡಿ.

ಮುಂದೆ ರಿಪೇರಿಗೆ ಕೊಡುವಾಗ, ಕಸ್ಟಮ್ ಇನ್‌ಸ್ಟಾಲ್ ಆರಿಸಿ ಸಿ ಇರುವ ಪಾರ್ಟಿಷನ್ ಮಾತ್ರ ಫಾರ್ಮ್ಯಾಟ್ ಮಾಡಬೇಕೆಂದು ಚೀಟಿ ಬರೆದು ಸಿಪಿಯು ಮೇಲೆ ಅಂಟಿಸಿ. ಆ ಪರದೆಯಲ್ಲಿ ಸಿ, ಡಿ ಎಂಬ ಅಕ್ಷರಗಳು ಕಾಣುವುದಿಲ್ಲ, ಪಾರ್ಟಿಷನ್‌ನ ಸಂಖ್ಯೆ ಮತ್ತು ಗಾತ್ರಗಳಷ್ಟೇ ಕಾಣುತ್ತವೆ. ನಿಮ್ಮಲ್ಲಿ ಎರಡೂ 450 ಜಿಬಿಯ ಆಸುಪಾಸಿನಲ್ಲೇ ಇರುವುದರಿಂದ ಡಿ ಡ್ರೈವ್‌ಗೆ "ಅಂಗಡಿ ಕಡತ" ಎಂಬಂಥ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಈಗಲೇ ಕೊಟ್ಟಿಡುವುದು ಒಳ್ಳೆಯದು.