ಅಪ್‌ಡೇಟ್: ಅಪ್ಪನ ಕೈನಡುಕ ಬರೀ ಖಿನ್ನತೆಯಲ್ಲ
ತೀರ್ಥಹಳ್ಳಿಯ ತೋಟದ ಮನೆಯಲ್ಲಿರುವ ಅಪ್ಪನ ಬಲಗೈ ನಡುಕ, ಮಂಕು ಮುಖ, ಇಳಿದ ದನಿ ಖಿನ್ನತೆಯ ಲಕ್ಷಣವೇ ಎಂದು ಕೇಳಿದ್ದೆನಲ್ಲ? ಶಿವಮೊಗ್ಗದ ನರರೋಗ ತಜ್ಞರು ಪಾರ್ಕಿನ್ಸನ್ ಎಂಬ ಮಿದುಳಿನ ಕಾಯಿಲೆ ಎಂದಿದ್ದಾರೆ. ಸ್ಕ್ಯಾನ್‌ಗಿಂತ ಹೆಚ್ಚು ಹೊತ್ತು ಅವರು ನೋಡಿದ್ದು ಅಡಿಕೆ ಲೆಕ್ಕದ ಪುಸ್ತಕವನ್ನು: ಸಾಲು ಮುಂದೆ ಹೋದಂತೆ ಅಕ್ಷರ ಸಾಸಿವೆಯಷ್ಟಾಗಿತ್ತು. ಕೈ ತೊಡೆಯ ಮೇಲೆ ಸುಮ್ಮನಿದ್ದಾಗ ನಡುಗುತ್ತದೆ, ಲೋಟ ಹಿಡಿದರೆ ಕಡಿಮೆಯಾಗುತ್ತದೆ. ಹಲಸಿನ ಹಣ್ಣಿನ ವಾಸನೆಯೂ ತಿಳಿಯದೆ ವರ್ಷಗಳಾದವಂತೆ! ಇವೆಲ್ಲ ಈ ಕಾಯಿಲೆಯ ಲಕ್ಷಣಗಳೇ.

ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ತಯಾರಿಸುವ ಕೋಶಗಳು ನಶಿಸುವುದರಿಂದ ಹೀಗಾಗುತ್ತದೆ. ಖಿನ್ನತೆಯೂ ಇದರ ಜೊತೆಗೆ ಬರುವುದುಂಟು, ಹಾಗಾಗಿ ಆ ಊಹೆ ಪೂರ್ತಿ ತಪ್ಪಲ್ಲ. ‘ದೃಷ್ಟಿ ತೆಗೆಸಿ’ ಎಂದವರಿಗೆ ಮಾತ್ರ ದೂರದಿಂದಲೇ ನಮಸ್ಕಾರ. ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ಶುರುವಾಗಿದೆ, ರೋಗ ವಾಸಿಯಾಗದು, ಚಲನೆ ಸರಾಗವಾಗುತ್ತದೆ. ಪ್ರೋಟೀನ್ ಅದರ ಹೀರಿಕೆಗೆ ಅಡ್ಡಿಯಾದ್ದರಿಂದ ಮಾತ್ರೆ ನುಂಗಿ ಅರ್ಧ ಗಂಟೆಯ ನಂತರವೇ ಊಟ. ಅಂಗಿಯ ಗುಂಡಿ ತಾವೇ ಹಾಕಿಕೊಳ್ಳುತ್ತಿದ್ದಾರೆ, ವ್ಯಾಯಾಮಕ್ಕೆ ಇನ್ನೂ ಒಪ್ಪಿಲ್ಲ.